ರೇಡ್ ಕಾರ್ಡಿನ ಬ್ಯಾಟರಿ ಎಚ್ಚರಿಕೆ: ಗಾಬರಿಗೆ ಮೊದಲು ನೋಡಬೇಕಾದ ಒಂದು ಸಾಲು

ಸರ್ವರ್‌ನ ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ನಡೆಸುವ ಕಾರ್ಡ್) 'ಬ್ಯಾಟರಿ ಸರಿಯಿಲ್ಲ' ಅಂತ ಕೂಗಿಕೊಂಡರೆ ಬಹಳ ಜನ ಮೊದಲು ಡಿಸ್ಕ್‌ಗಳ ಕಡೆ ಓಡುತ್ತಾರೆ. ಡಿಸ್ಕ್‌ಗಳು ಚೆನ್ನಾಗಿಯೇ ಇರುತ್ತವೆ. ಅರೇ (ಆ ಡಿಸ್ಕ್‌ಗಳ ಗುಂಪು) ಕೂಡ ಆಪ್ಟಿಮಲ್, ಅಂದರೆ ಎಲ್ಲ ಸರಿ, ಅಂತಲೇ ತೋರಿಸುತ್ತಿರುತ್ತದೆ. ಆದರೆ ನಿನ್ನೆಯವರೆಗೆ ಓಡುತ್ತಿದ್ದ ಡೇಟಾಬೇಸ್ ಇವತ್ತು ತೆವಳುತ್ತಿರುತ್ತದೆ. ಬ್ಯಾಟರಿ ಕೈಕೊಟ್ಟಾಗ ಮೊದಲು ಹೋಗುವುದು ವೇಗ, ಡೇಟಾ ಅಲ್ಲ. ಡೇಟಾ ಹೋಗುವ ಅಪಾಯ ಹೆಚ್ಚಾಗಿ ಆಮೇಲೆ ಬರುತ್ತದೆ: ಆ ವೇಗವನ್ನು ವಾಪಸ್ ತರಬೇಕು ಅಂತ ಯಾರೋ ಅವಸರದಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿದಾಗ.

ಯಾಕೆ ಹೀಗೆ ಅಂತ ತಿಳಿಯಲು ಕಾರ್ಡಿನ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ರೇಡ್ ಕಂಟ್ರೋಲರ್ (ಇದೇ ಕಾರ್ಡ್) ಮೇಲೆ ಅದರದ್ದೇ ಒಂದಿಷ್ಟು ಡಿರಾಮ್ ಮೆಮೊರಿ ಇರುತ್ತದೆ. ಇದೇ ಅದರ ಕ್ಯಾಶ್. ಹಳೆಯ ಕಾರ್ಡುಗಳಲ್ಲಿ 256 ಅಥವಾ 512 ಎಂಬಿ, ಈಚಿನವುಗಳಲ್ಲಿ 2, 4, 8 ಜಿಬಿ. ಆಪರೇಟಿಂಗ್ ಸಿಸ್ಟಮ್ ಬರೆಯಲು ಕೊಟ್ಟ ಡೇಟಾ ಮೊದಲು ಇಲ್ಲಿಗೆ ಬರುತ್ತದೆ. ಬಂದ ಕೂಡಲೇ ಕಂಟ್ರೋಲರ್ 'ಆಯ್ತು, ಬರೆದೆ' ಅನ್ನುತ್ತದೆ. ನಿಜಕ್ಕೂ ಆ ಡೇಟಾ ಇನ್ನೂ ಡಿಸ್ಕಿಗೆ ಹೋಗಿರುವುದಿಲ್ಲ. ಕಂಟ್ರೋಲರ್ ಬಿಡುವು ನೋಡಿಕೊಂಡು, ಅಕ್ಕಪಕ್ಕದ ಬರಹಗಳನ್ನು ಒಟ್ಟುಗೂಡಿಸಿ, ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಇದಕ್ಕೆ ರೈಟ್ ಬ್ಯಾಕ್ ಅನ್ನುತ್ತಾರೆ. ಡಿಸ್ಕಿಗೆ ಇಳಿದ ಮೇಲೆಯೇ 'ಆಯ್ತು' ಅನ್ನುವುದು ರೈಟ್ ಥ್ರೂ.

ಇವೆರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ನಿಮಿಷಕ್ಕೆ 7200 ಸುತ್ತು ಹಾಕುವ ಡಿಸ್ಕ್ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಡೇಟಾಬೇಸ್ ಒಂದು ಕಮಿಟ್ (ಬದಲಾವಣೆಯನ್ನು ಖಾಯಂ ಆಗಿ ಬರೆಯುವುದು) ಮುಗಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತದೆ, ಪ್ರತಿ ಕಮಿಟ್‌ಗೂ ಡಿಸ್ಕಿನ ತಟ್ಟೆ (ಪ್ಲಾಟರ್) ಒಂದು ಸುತ್ತು ಬರಬೇಕು ಅಂದುಕೊಳ್ಳಿ. ಆಗ ಸೆಕೆಂಡಿಗೆ 120 ಕಮಿಟ್ ಅಷ್ಟೇ. ಅದೇ ಕೆಲಸ ಕ್ಯಾಶ್‌ನಲ್ಲಿ ಮುಗಿದರೆ ಸೆಕೆಂಡಿಗೆ ಸಾವಿರಗಟ್ಟಲೆ ಆಗುತ್ತವೆ. ರೇಡ್ 5 ಇದ್ದರೆ ಇನ್ನೂ ಕಷ್ಟ. ಅಲ್ಲಿ ಡೇಟಾ ಜೊತೆಗೆ ಪ್ಯಾರಿಟಿಯನ್ನೂ, ಅಂದರೆ ಒಂದು ಡಿಸ್ಕ್ ಸತ್ತರೆ ಅದರ ಡೇಟಾವನ್ನು ಮತ್ತೆ ಲೆಕ್ಕಹಾಕಲು ಬೇಕಾದ ಮಾಹಿತಿಯನ್ನೂ, ಬರೆಯಬೇಕು. ಒಂದು ಸಣ್ಣ ಬರಹಕ್ಕೆ ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ ಅಂತ 4 ಕೆಲಸ. ರೇಡ್ 6ರಲ್ಲಿ 6. ಕ್ಯಾಶ್ ಇದ್ದಾಗ ಇಡೀ ಸ್ಟ್ರೈಪ್ (ಎಲ್ಲ ಡಿಸ್ಕ್‌ಗಳಿಗೂ ಹಂಚಿ ಬರೆಯುವ ಒಂದು ಪಟ್ಟಿ ಡೇಟಾ) ಒಟ್ಟಾಗುವವರೆಗೆ ಕಾದು ಈ ಹೊರೆಯನ್ನು ಬಹಳಷ್ಟು ಇಳಿಸಬಹುದು. ಕ್ಯಾಶ್ ಇಲ್ಲದಿದ್ದರೆ ಅಷ್ಟನ್ನೂ ಡಿಸ್ಕ್‌ಗಳೇ ಹೊರಬೇಕು.

ಈಗ ಕರೆಂಟ್ ಹೋಯಿತು ಅಂದುಕೊಳ್ಳಿ. ಡಿರಾಮ್‌ಗೆ ವಿದ್ಯುತ್ ಇಲ್ಲದಿದ್ದರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ. ಕಂಟ್ರೋಲರ್ 'ಬರೆದೆ' ಅಂತ ಹೇಳಿದ್ದು ಸುಳ್ಳಾಗುತ್ತದೆ. ಫೈಲ್ ಸಿಸ್ಟಮ್, ಡೇಟಾಬೇಸ್ ಎಲ್ಲ ಆ ಮಾತನ್ನು ನಂಬಿ ಮುಂದೆ ಹೋಗಿರುತ್ತವೆ. ಹಾಗೆ ಆಗಬಾರದು ಅಂತಲೇ ಬ್ಯಾಟರಿ ಇರುವುದು. ಕರೆಂಟ್ ಇಲ್ಲದಾಗ ಅದು ಆ ಮೆಮೊರಿಯನ್ನು ಜೀವಂತ ಇಡುತ್ತದೆ, ಸಾಮಾನ್ಯವಾಗಿ 24ರಿಂದ 72 ಗಂಟೆ. ಮತ್ತೆ ಕರೆಂಟ್ ಬಂದಾಗ ಕಂಟ್ರೋಲರ್ ಮೊದಲು ಆ ಬಾಕಿ ಡೇಟಾವನ್ನು ಡಿಸ್ಕಿಗೆ ಇಳಿಸುತ್ತದೆ.

'ನಮ್ಮಲ್ಲಿ ಯುಪಿಎಸ್ ಇದೆಯಲ್ಲ, ಬ್ಯಾಟರಿ ಯಾಕೆ?' ಅನ್ನುವವರು ಇದ್ದಾರೆ. ಗೋಡೆಯಿಂದ ಬರುವ ಕರೆಂಟ್ ಹೋದರೆ ಯುಪಿಎಸ್ ಕಾಯುತ್ತದೆ, ನಿಜ. ಸರ್ವರ್ ಒಳಗಿನ ಪವರ್ ಸಪ್ಲೈ ಸುಟ್ಟರೆ, ಮದರ್‌ಬೋರ್ಡ್ ಸತ್ತರೆ, ಯಾರೋ ತಪ್ಪು ಕೇಬಲ್ ಎಳೆದರೆ ಅದು ಏನೂ ಮಾಡಲಾರದು.

ಮೊದಲು ನೋಡಬೇಕಾದ ಸಾಲು

ಎಚ್ಚರಿಕೆ ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ 'ಬ್ಯಾಟರಿ ಸತ್ತಿದೆಯಾ?' ಅಲ್ಲ. 'ಈ ಕ್ಷಣ ನನ್ನ ವರ್ಚುವಲ್ ಡ್ರೈವ್ ಯಾವ ಮೋಡ್‌ನಲ್ಲಿ ಬರೆಯುತ್ತಿದೆ?' ಅನ್ನುವುದು. (ಅರೇಯನ್ನು ಕಾರ್ಡ್ ಆಪರೇಟಿಂಗ್ ಸಿಸ್ಟಮ್‌ಗೆ ಒಂದೇ ಡಿಸ್ಕ್‌ನಂತೆ ತೋರಿಸುತ್ತದೆ, ಅದೇ ವರ್ಚುವಲ್ ಡ್ರೈವ್.) ಎಲ್‌ಎಸ್‌ಐ ಮೆಗಾರೇಡ್ ಕಾರ್ಡುಗಳಿಗೆ ಮೆಗಾಸಿಎಲ್‌ಐ, ಈಚೆಗೆ ಸ್ಟೋರ್‌ಸಿಎಲ್‌ಐ ಅನ್ನುವ ಟೂಲ್ ಇದೆ. ಡೆಲ್‌ನ ಪರ್ಕ್ ಕಾರ್ಡುಗಳಿಗೆ ಅದರದ್ದೇ ಇನ್ನೊಂದು ರೂಪ ಪರ್ಕ್‌ಸಿಎಲ್‌ಐ. ಎಚ್‌ಪಿ ಸ್ಮಾರ್ಟ್ ಅರೇ ಕಾರ್ಡುಗಳಿಗೆ ಎಸ್‌ಎಸ್‌ಎಸಿಎಲ್‌ಐ.

ಮೆಗಾಸಿಎಲ್‌ಐನಲ್ಲಿ ವರ್ಚುವಲ್ ಡ್ರೈವ್ ವಿವರ ತೆಗೆದರೆ ಎರಡು ಸಾಲು ಹತ್ತಿರ ಹತ್ತಿರ ಕಾಣುತ್ತವೆ: ಡೀಫಾಲ್ಟ್ ಕ್ಯಾಶ್ ಪಾಲಿಸಿ ಮತ್ತು ಕರೆಂಟ್ (ಇಲ್ಲಿ 'ಸದ್ಯದ' ಅಂತ ಅರ್ಥ) ಕ್ಯಾಶ್ ಪಾಲಿಸಿ. ಮೊದಲನೆಯದು ನೀವು ಕೇಳಿದ್ದು. ಎರಡನೆಯದು ಈಗ ನಿಜಕ್ಕೂ ನಡೆಯುತ್ತಿರುವುದು. ಮೊದಲನೆಯದರಲ್ಲಿ ರೈಟ್ ಬ್ಯಾಕ್, ಎರಡನೆಯದರಲ್ಲಿ ರೈಟ್ ಥ್ರೂ ಅಂತಿದ್ದರೆ ಕಂಟ್ರೋಲರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಬ್ಯಾಟರಿಯನ್ನು ನಂಬುವ ಹಾಗಿಲ್ಲ ಅಂತ ಗೊತ್ತಾಗಿ ಸುರಕ್ಷಿತ ದಾರಿ ಹಿಡಿದಿದೆ. ನಿಧಾನ ಆಗಿರುವುದಕ್ಕೆ ಕಾರಣ ಸಿಕ್ಕಿತು, ಡೇಟಾಗೆ ಸದ್ಯಕ್ಕೆ ಭಯವಿಲ್ಲ. ನೆಮ್ಮದಿಯಾಗಿ ಮುಂದಿನ ತನಿಖೆ ಮಾಡಬಹುದು.

ಬ್ಯಾಟರಿ ಸತ್ತಿದೆ, ಆದರೂ ಎರಡನೇ ಸಾಲಿನಲ್ಲಿ ರೈಟ್ ಬ್ಯಾಕ್ ಅಂತಲೇ ಇದೆ. ಹೆದರಬೇಕಾದ್ದು ಇದನ್ನು ನೋಡಿ. ಸರ್ವರ್ ವೇಗವಾಗಿಯೇ ಓಡುತ್ತಿರುತ್ತದೆ, ಯಾರೂ ದೂರು ಹೇಳುವುದಿಲ್ಲ, ಎಚ್ಚರಿಕೆಯ ಮೇಲ್ ತಿಂಗಳಾನುಗಟ್ಟಲೆ ಯಾವುದೋ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ.

ಎಲ್ಲ ಎಚ್ಚರಿಕೆಯೂ ಸಾವಲ್ಲ

ಕಾರ್ಡುಗಳು ಬ್ಯಾಟರಿ ಬಗ್ಗೆ ಬಹಳ ಮಾತಾಡುತ್ತವೆ. ಅದರಲ್ಲಿ ಅರ್ಧದಷ್ಟು ಸುಮ್ನೆ ಮಾಹಿತಿ. ಚಾರ್ಜಿಂಗ್, ಡಿಸ್ಚಾರ್ಜಿಂಗ್, ಲರ್ನ್ ಸೈಕಲ್ ಶುರುವಾಯಿತು, ಲರ್ನ್ ಸೈಕಲ್ ಮುಗಿಯಿತು: ಇವು ಯಾವುವೂ ಕೆಟ್ಟ ಸುದ್ದಿಯಲ್ಲ. 'ಬ್ಯಾಟರಿ ಲೋ' ಅನ್ನುವುದು ಕೂಡ, ಸರ್ವರ್ ಕೆಲವು ವಾರ ಆಫ್ ಆಗಿದ್ದು ಈಗಷ್ಟೇ ಆನ್ ಆಗಿದ್ದರೆ, ಸಹಜ. ಕೆಲವು ಗಂಟೆ ಚಾರ್ಜ್ ಆಗಲು ಬಿಟ್ಟು ಮತ್ತೆ ನೋಡಿ.

ಲರ್ನ್ ಸೈಕಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಾರಣ ಗೊತ್ತಿಲ್ಲದ ನಿಧಾನಗತಿಗಳಲ್ಲಿ ದೊಡ್ಡ ಪಾಲು ಇದರದ್ದೇ. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ನೇರವಾಗಿ ಅಳೆಯಲು ಆಗುವುದಿಲ್ಲ. ಒಳಗೆ ಹೋದ, ಹೊರಗೆ ಬಂದ ಕರೆಂಟಿನ ಲೆಕ್ಕ ಇಟ್ಟು ಅಂದಾಜು ಮಾಡುತ್ತಾರೆ. ದಿನ ಕಳೆದಂತೆ ಆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಕಂಟ್ರೋಲರ್ ಆಗಾಗ ಬ್ಯಾಟರಿಯನ್ನು ಪೂರ್ತಿ ಇಳಿಸಿ, ಮತ್ತೆ ಪೂರ್ತಿ ತುಂಬಿಸಿ, ನಿಜವಾದ ಸಾಮರ್ಥ್ಯ ಎಷ್ಟು ಅಂತ ಕಲಿಯುತ್ತದೆ. ಕೆಲವು ಕಾರ್ಡುಗಳಲ್ಲಿ ಇದು 30 ದಿನಕ್ಕೊಮ್ಮೆ, ಡೆಲ್‌ನ ಪರ್ಕ್ ಸರಣಿಯ ಹಲವು ಕಾರ್ಡುಗಳಲ್ಲಿ 90 ದಿನಕ್ಕೊಮ್ಮೆ. ಬ್ಯಾಟರಿ ಖಾಲಿಯಾಗಿರುವ ಆ ಕೆಲವು ಗಂಟೆ ಹಳೆಯ ಕಾರ್ಡುಗಳು ರೈಟ್ ಥ್ರೂಗೆ ಇಳಿಯುತ್ತವೆ. ಆಮೇಲೆ ತಾವೇ ವಾಪಸ್ ಬರುತ್ತವೆ.

ಇದನ್ನು ಹಿಡಿಯುವುದು ಯಾಕೆ ಕಷ್ಟ ಅಂದರೆ, ಆಗಾಗ ಬಂದು ತಾನಾಗೇ ಹೋಗುವ ತೊಂದರೆಯನ್ನು ಯಾರೂ ಬೆನ್ನು ಹತ್ತುವುದಿಲ್ಲ. ಜೊತೆಗೆ ದಿನಾಂಕದ ಜಾರಾಟ ಬೇರೆ. 30 ದಿನದ ಚಕ್ರ ಅಂದರೆ 4 ವಾರ ಮತ್ತು 2 ದಿನ. ಭಾನುವಾರ ರಾತ್ರಿ ಶುರುವಾದದ್ದು ಮುಂದಿನ ಸಲ ಮಂಗಳವಾರ, ಅದರ ಮುಂದಿನ ಸಲ ಗುರುವಾರ. 'ಮೊನ್ನೆ ಗುರುವಾರ ಸಿಕ್ಕಾಪಟ್ಟೆ ನಿಧಾನ ಇತ್ತು, ಏನೂ ಕಾರಣ ಸಿಗಲಿಲ್ಲ' ಅನ್ನುವ ಮಾತು ಕೇಳಿದರೆ ಕಂಟ್ರೋಲರ್ ಲಾಗ್ ತೆಗೆದು ಆ ಹೊತ್ತಿಗೆ ಲರ್ನ್ ಸೈಕಲ್ ಇತ್ತಾ ಅಂತ ನೋಡಿ.

ಮುಂದಿನ ಸೈಕಲ್ ಯಾವಾಗ ಅಂತ ಬ್ಯಾಟರಿ ವಿವರದಲ್ಲಿ ಬರೆದಿರುತ್ತದೆ. ಮೆಗಾರೇಡ್ ಕಾರ್ಡುಗಳಲ್ಲಿ ಅದನ್ನು 7 ದಿನದವರೆಗೆ ಮುಂದಕ್ಕೆ ತಳ್ಳಬಹುದು. ಇನ್ನೂ ಒಳ್ಳೆಯ ದಾರಿ: ತಾನಾಗೇ ನಡೆಯುವುದನ್ನು ಆಫ್ ಮಾಡಿ, ಕೆಲಸ ಕಡಿಮೆ ಇರುವ ಒಂದು ರಾತ್ರಿ ನಡೆಯುವಂತೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಟೂಲ್) ಹಾಕುವುದು. ಆಫ್ ಮಾಡಿ ಮರೆತುಬಿಡುವುದು ಮಾತ್ರ ಬೇಡ. ಲರ್ನ್ ಸೈಕಲ್ ಇಲ್ಲದ ಬ್ಯಾಟರಿ ಸತ್ತಾಗಲೂ ಬದುಕಿದ್ದೇನೆ ಅಂತ ಹೇಳುತ್ತಿರಬಹುದು. ಈಚಿನ ಕೆಲವು ಬ್ಯಾಟರಿಗಳಲ್ಲಿ ಟ್ರಾನ್ಸ್‌ಪರೆಂಟ್ ಲರ್ನ್ ಇದೆ. ಅದರಲ್ಲಿ ಡೇಟಾ ಉಳಿಸುವಷ್ಟು ಚಾರ್ಜ್ ಇಟ್ಟುಕೊಂಡೇ ಪರೀಕ್ಷೆ ನಡೆಯುತ್ತದೆ, ರೈಟ್ ಬ್ಯಾಕ್ ಹಾಗೇ ಇರುತ್ತದೆ.

ಇನ್ನು ನಿಜವಾದ ಕಾಯಿಲೆಯ ಲಕ್ಷಣ. ಬ್ಯಾಟರಿ ವಿವರದಲ್ಲಿ 'ರಿಲೇಟಿವ್ ಸ್ಟೇಟ್ ಆಫ್ ಚಾರ್ಜ್ 98%' ಅಂತ ಕಂಡರೆ ಖುಷಿಪಡಬೇಡಿ. ಹಳೆಯ ಫೋನ್ ಬೆಳಗ್ಗೆ 100% ತೋರಿಸಿ ಮಧ್ಯಾಹ್ನಕ್ಕೇ ಆಫ್ ಆಗುತ್ತದಲ್ಲ, ಇದೂ ಅದೇ ಕಥೆ. ಆ 98% ಈಗ ಉಳಿದಿರುವ ಸಾಮರ್ಥ್ಯದ 98%. ನೋಡಬೇಕಾದ್ದು ಬೇರೆ ಎರಡು ಸಂಖ್ಯೆ: ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ. ಮೊದಲನೆಯದು 1200 ಎಂಎಎಚ್, ಎರಡನೆಯದು 650 ಅಂತ ಇಟ್ಟುಕೊಳ್ಳಿ. ಅರ್ಧದ ಹತ್ತಿರ ಹೋಗಿದೆ ಅಂತಾಯಿತು. ಕರೆಂಟ್ ಹೋದರೆ ಮೆಮೊರಿಯನ್ನು ಕಾಯುವ ಅವಧಿಯೂ ಅಷ್ಟೇ ಕಡಿಮೆ. ಮ್ಯಾಕ್ಸ್ ಎರರ್ ಅನ್ನುವ ಸಂಖ್ಯೆ ದೊಡ್ಡದಿದ್ದರೆ ಮಾಪಕಕ್ಕೇ ತನ್ನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ. ಒಂದು ಲರ್ನ್ ಸೈಕಲ್ ಮುಗಿಯುವವರೆಗೆ ಉಳಿದ ಸಂಖ್ಯೆಗಳ ಮೇಲೂ ತೀರ್ಪು ಕೊಡಬೇಡಿ. 'ರೀಪ್ಲೇಸ್‌ಮೆಂಟ್ ರಿಕ್ವೈರ್ಡ್: ಯೆಸ್' ಅಂತ ಬಂದಿದ್ದರೆ ಇನ್ನು ಚರ್ಚೆ ಬೇಡ, ಹೊಸದು ತರಿಸಿ.

'ಬ್ಯಾಟರಿ ಮಿಸ್ಸಿಂಗ್' ಅಂತ ಬಂದರೆ ಮಾತ್ರ ಸ್ವಲ್ಪ ತಾಳಿ. ಎಷ್ಟೋ ಸಲ ಅದು ಸಡಿಲವಾದ ಕನೆಕ್ಟರ್. ಸರ್ವರ್ ಸಾಗಿಸಿದ ಮೇಲೆ ಅಥವಾ ಪಕ್ಕದ ಕಾರ್ಡ್ ಬದಲಿಸಿದ ಮೇಲೆ ಶುರುವಾಗಿದ್ದರೆ ಅದೇ ಮೊದಲ ಅನುಮಾನ. ಸರ್ವರ್ ಆಫ್ ಮಾಡಿ, ಕೇಬಲ್ ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿ ನೋಡಿ.

ತಾಪಮಾನದ ಎಚ್ಚರಿಕೆ ಬಂದರೆ ಬ್ಯಾಟರಿಗಿಂತ ಗಾಳಿಯ ದಾರಿ ನೋಡುವುದು ಮೇಲು. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮೀರಿದರೆ ಚಾರ್ಜ್ ಮಾಡುವುದಿಲ್ಲ. ಅದು ಕೂತಿರುವುದೋ, ಬಿಸಿ ಕಾರುವ ರೇಡ್ ಚಿಪ್‌ನ ಪಕ್ಕದಲ್ಲೇ. ಖಾಲಿ ಸ್ಲಾಟ್‌ಗಳ ಮುಚ್ಚಳ, ಒಳಗಿನ ಪ್ಲಾಸ್ಟಿಕ್ ಗಾಳಿ ಹೊದಿಕೆ ತೆಗೆದು ಎಲ್ಲೋ ಇಟ್ಟಿರುತ್ತಾರೆ, ಅಲ್ವಾ? ಅವುಗಳನ್ನು ಹುಡುಕಿ ವಾಪಸ್ ಹಾಕಿ. ಇಲ್ಲದಿದ್ದರೆ ಹೊಸ ಬ್ಯಾಟರಿಯೂ ಬೇಗ ಹೋಗುತ್ತದೆ.

ಬೂಟ್ ಆಗುವಾಗ ನಿಲ್ಲಿಸುವ ಸಂದೇಶಗಳು

ಕೆಲವು ಎಚ್ಚರಿಕೆಗಳು ಬೂಟ್ ಅರ್ಧದಲ್ಲೇ ನಿಲ್ಲಿಸಿ ಕೀಲಿ ಒತ್ತಲು ಹೇಳುತ್ತವೆ. ಒಂದು, ಬ್ಯಾಟರಿ ಇಲ್ಲ ಅಥವಾ ಕೆಟ್ಟಿದೆ ಅಥವಾ ಪೂರ್ತಿ ಖಾಲಿಯಾಗಿದೆ, ಮುಂದುವರಿದರೆ ಬ್ಯಾಟರಿ ಬೆಂಬಲದ ಕ್ಯಾಶ್ ಕೆಲಸ ಮಾಡುವುದಿಲ್ಲ ಅನ್ನುವುದು. ಅದರ ಕೆಳಗೇ 'ಡಿ' ಒತ್ತಿದರೆ ಈ ಎಚ್ಚರಿಕೆ ಇನ್ನು ಬರುವುದಿಲ್ಲ ಅಂತ ಇರುತ್ತದೆ. ಅದು ಬ್ಯಾಟರಿಯೇ ಇಲ್ಲದ ಕಾರ್ಡುಗಳಿಗೆ. ಬೇಗ ಬೂಟ್ ಆಗಲಿ ಅಂತ ಅದನ್ನು ಒತ್ತಬೇಡಿ.

ಇನ್ನೊಂದು ಗಂಭೀರ. ಮೆಮೊರಿ ಅಥವಾ ಬ್ಯಾಟರಿ ತೊಂದರೆ ಕಂಡುಬಂತು, ಅಡಾಪ್ಟರ್ ಚೇತರಿಸಿಕೊಂಡಿದೆ, ಆದರೆ ಕ್ಯಾಶ್‌ನಲ್ಲಿದ್ದ ಡೇಟಾ ಹೋಯಿತು ಅಂತ ಅದು ಹೇಳುತ್ತದೆ. ಸರ್ವರ್ ನೀವೇ ಸರಿಯಾಗಿ ಶಟ್‌ಡೌನ್ ಮಾಡಿದ್ದರೆ ಕ್ಯಾಶ್ ಆಗಲೇ ಖಾಲಿಯಾಗಿರುತ್ತದೆ, ಕಳೆದುಕೊಳ್ಳಲು ಏನೂ ಇರುವುದಿಲ್ಲ. ಓಡುತ್ತಿದ್ದಾಗ ದಿಢೀರನೆ ಕರೆಂಟ್ ಹೋಗಿದ್ದರೆ ಮಾತ್ರ ಈ ಸಂದೇಶವನ್ನು ಅಕ್ಷರಶಃ ನಂಬಿ: ಫೈಲ್ ಸಿಸ್ಟಮ್ ಪರೀಕ್ಷೆ, ಡೇಟಾಬೇಸ್ ಪರೀಕ್ಷೆ, ಅರೇಯ ಕನ್ಸಿಸ್ಟೆನ್ಸಿ ಚೆಕ್ (ಡೇಟಾ ಮತ್ತು ಪ್ಯಾರಿಟಿ ಹೊಂದುತ್ತವಾ ಅನ್ನುವ ಪರೀಕ್ಷೆ), ಎಲ್ಲ ಮಾಡಿ. ಬ್ಯಾಕಪ್ ಎಲ್ಲಿದೆ ಅಂತಲೂ ನೋಡಿಟ್ಟುಕೊಳ್ಳಿ.

ಪ್ರಿಸರ್ವ್ಡ್ ಕ್ಯಾಶ್ ಅನ್ನುವುದು ಇನ್ನೊಂದು. ವರ್ಚುವಲ್ ಡ್ರೈವ್ ಇದ್ದಕ್ಕಿದ್ದಂತೆ ಕಾಣೆಯಾಗಿದೆ, ಅದಕ್ಕೆ ಬರೆಯಬೇಕಿದ್ದ ಡೇಟಾ ನನ್ನ ಹತ್ತಿರ ಇನ್ನೂ ಇದೆ ಅಂತ ಕಂಟ್ರೋಲರ್ ಹೇಳುತ್ತಿದೆ. ಅದನ್ನು ಅಳಿಸಿಬಿಡುವ ಆಯ್ಕೆಯೂ ಅಲ್ಲೇ ಇರುತ್ತದೆ. ಅಳಿಸಿದರೆ ಮತ್ತೆ ಸಿಗುವುದಿಲ್ಲ. ಮೊದಲು ಡಿಸ್ಕ್‌ಗಳ ಕೇಬಲ್, ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಕೂರುವ ಬೋರ್ಡ್) ನೋಡಿ ಡ್ರೈವ್ ವಾಪಸ್ ಬರುತ್ತದಾ ಅಂತ ಪ್ರಯತ್ನಿಸಿ. ಬ್ಯಾಟರಿಯೂ ದುರ್ಬಲ ಇದ್ದರೆ ಸರ್ವರ್‌ನ ಪವರ್ ಕೇಬಲ್ ತೆಗೆದು ಬಹಳ ಹೊತ್ತು ಬಿಡಬೇಡಿ.

ಲಾಗ್ ಓದುವಾಗ ಒಂದು ಸಣ್ಣ ಗೊಂದಲ ಆಗಬಹುದು. ಮೆಗಾರೇಡ್ ಲಾಗ್‌ನ ಕೆಲವು ಸಾಲುಗಳಲ್ಲಿ ದಿನಾಂಕ ಇರುವುದಿಲ್ಲ, ಬೂಟ್ ಆದ ಮೇಲೆ ಇಷ್ಟು ಸೆಕೆಂಡ್ ಅಂತ ಮಾತ್ರ ಇರುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ಡ್ರೈವರ್ ಬಂದು ಸಮಯ ಹೇಳುವವರೆಗೆ ಕಾರ್ಡಿಗೆ ಗಂಟೆ ಎಷ್ಟು ಅಂತ ಗೊತ್ತಿರುವುದಿಲ್ಲ.

ಒತ್ತಾಯದ ರೈಟ್ ಬ್ಯಾಕ್

ನಿಧಾನ ಆದಾಗ ಫೋನ್ ಮೇಲೆ ಫೋನ್ ಬರುತ್ತದೆ. ಆಗ ಯಾರೋ ಒಬ್ಬರಿಗೆ 'ಆಲ್ವೇಸ್ ರೈಟ್ ಬ್ಯಾಕ್' ಅನ್ನುವ ಆಯ್ಕೆ ಕಣ್ಣಿಗೆ ಬೀಳುತ್ತದೆ. ಎಚ್‌ಪಿ ಕಾರ್ಡುಗಳಲ್ಲಿ ಅದು 'ನೋ ಬ್ಯಾಟರಿ ರೈಟ್ ಕ್ಯಾಶ್'. ಆನ್ ಮಾಡಿದರೆ ಬ್ಯಾಟರಿ ಇರಲಿ ಬಿಡಲಿ ಕ್ಯಾಶ್ ಕೆಲಸ ಮಾಡುತ್ತದೆ. ಮರುಕ್ಷಣ ಸರ್ವರ್ ಹಾರುತ್ತದೆ. ಅಪಾಯ ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಯಾವತ್ತೂ ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಮತ್ತೆ ತಯಾರಿಸಬಹುದಾದ ಡೇಟಾ, ಪರೀಕ್ಷೆಯ ಸರ್ವರ್, ರೆಪ್ಲಿಕಾ (ನಕಲು ಪ್ರತಿ) ಇನ್ನೊಂದು ಕಡೆ ಗಟ್ಟಿಯಾಗಿ ಇರುವ ಡೇಟಾಬೇಸ್: ಇಂಥ ಕಡೆ ಹೊಸ ಬ್ಯಾಟರಿ ಬರುವ ತನಕ ನಡೆಸಬಹುದು. ಆದರೆ ಯಾರು, ಯಾಕೆ, ಯಾವಾಗಿನವರೆಗೆ ಅಂತ ಬರೆದಿಟ್ಟು, ತೆಗೆಯುವ ದಿನ ಗೊತ್ತುಮಾಡಿ. ಲೆಕ್ಕಪತ್ರದ ಡೇಟಾಬೇಸ್ ಇರುವ ಒಂಟಿ ಸರ್ವರ್‌ನಲ್ಲಿ ಬೇಡ. ಕರೆಂಟ್ ಒಮ್ಮೆ ಹೋದರೆ ಒಂದೆರಡು ಫೈಲ್ ಹಾಳಾಗುವುದಕ್ಕೆ ಅದು ನಿಲ್ಲುವುದಿಲ್ಲ. ಫೈಲ್ ಸಿಸ್ಟಮ್‌ನ ಜರ್ನಲ್, ಡೇಟಾಬೇಸ್‌ನ ಲಾಗ್ ಎರಡೂ 'ಬರೆದಾಗಿದೆ' ಅಂತ ನಂಬಿದ ಬ್ಲಾಕ್‌ಗಳೇ ಕಾಣೆಯಾಗಿರುತ್ತವೆ. ರೇಡ್ 5ರಲ್ಲಿ ಡೇಟಾ ಮತ್ತು ಪ್ಯಾರಿಟಿ ಒಂದಕ್ಕೊಂದು ಹೊಂದದೆ ಉಳಿಯಬಹುದು. ಅದು ಗೊತ್ತಾಗುವುದು ಮುಂದೆ ಯಾವತ್ತೋ ಒಂದು ಡಿಸ್ಕ್ ಸತ್ತು ರೀಬಿಲ್ಡ್ ಮಾಡುವಾಗ.

ಡಿಸ್ಕ್‌ಗಳ ಒಳಗೂ ಅವುಗಳದ್ದೇ ಸಣ್ಣ ಕ್ಯಾಶ್ ಇರುತ್ತದೆ. ಕಂಟ್ರೋಲರ್‌ನ ಬ್ಯಾಟರಿ ಅದನ್ನು ಕಾಯುವುದಿಲ್ಲ. ಹೊಸ ಬ್ಯಾಟರಿ ಹಾಕಿ ಎಲ್ಲ ಸರಿ ಇಟ್ಟರೂ ಡಿಸ್ಕ್ ಕ್ಯಾಶ್ ಆನ್ ಇದ್ದರೆ ತೂತು ಉಳಿದೇ ಇರುತ್ತದೆ. ಮಾಮೂಲಿ ಹಾರ್ಡ್ ಡಿಸ್ಕ್‌ಗಳ ಅರೇಯಲ್ಲಿ ಅದನ್ನು ಆಫ್ ಮಾಡಿ.

ಬದಲಿಸುವಾಗ

ಕೆಲಸ ಸುಲಭ, ಆದರೆ ಕ್ರಮ ಮುಖ್ಯ. ಸರ್ವರ್ ಸರಿಯಾಗಿ ಶಟ್‌ಡೌನ್ ಮಾಡಿ, ಕ್ಯಾಶ್ ಖಾಲಿಯಾಗಲಿ. ಎರಡೂ ಪವರ್ ಕೇಬಲ್ ತೆಗೆಯಿರಿ. ಬಹಳ ಕಾರ್ಡುಗಳ ಮೇಲೆ ಕ್ಯಾಶ್‌ನಲ್ಲಿ ಬಾಕಿ ಡೇಟಾ ಇದ್ದರೆ ಉರಿಯುವ ಒಂದು ಸಣ್ಣ ದೀಪ ಇರುತ್ತದೆ. ಕೇಬಲ್ ತೆಗೆದ ಮೇಲೂ ಅದು ಉರಿಯುತ್ತಿದ್ದರೆ ಬ್ಯಾಟರಿಗೆ ಕೈ ಹಾಕಬೇಡಿ. ಮತ್ತೆ ಆನ್ ಮಾಡಿ, ಆ ಡೇಟಾ ಡಿಸ್ಕಿಗೆ ಇಳಿಯಲು ಬಿಟ್ಟು, ಆಮೇಲೆ ಬನ್ನಿ. ಹಳೆಯ ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಮೀಟಿ ತೆಗೆಯಲು ಸ್ಕ್ರೂಡ್ರೈವರ್ ಬಳಸಬೇಡಿ.

ಹೊಸದು ಕೊಳ್ಳುವಾಗ ಪಾರ್ಟ್ ನಂಬರ್ ಜೊತೆಗೆ ತಯಾರಾದ ದಿನಾಂಕವನ್ನೂ ನೋಡಿ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಲಿಥಿಯಂ ಬ್ಯಾಟರಿ ಪೆಟ್ಟಿಗೆ ಬಿಚ್ಚುವ ಮೊದಲೇ ಮುದಿಯಾಗಿರುತ್ತದೆ. ಹಾಕಿದ ಮೇಲೆ ಕೆಲವು ಗಂಟೆ ಚಾರ್ಜ್ ಆಗುತ್ತದೆ, ಆ ಹೊತ್ತು ರೈಟ್ ಥ್ರೂ ಇರುವುದು ಸಹಜ. 'ಹೊಸದೂ ಕೆಟ್ಟಿದೆ' ಅಂತ ಅರ್ಧ ಗಂಟೆಗೇ ವಾಪಸ್ ಕಳಿಸಬೇಡಿ.

ಈಚಿನ ಕಾರ್ಡುಗಳಲ್ಲಿ ಕಥೆ ಸ್ವಲ್ಪ ಬೇರೆ. ಕ್ಯಾಶ್‌ವಾಲ್ಟ್ ಥರದ ವ್ಯವಸ್ಥೆಯಲ್ಲಿ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಮತ್ತು ಫ್ಲಾಶ್ ಇರುತ್ತವೆ. ಕರೆಂಟ್ ಹೋದಾಗ ಕೆಪಾಸಿಟರ್ ಸ್ವಲ್ಪ ಹೊತ್ತು ಮಾತ್ರ ವಿದ್ಯುತ್ ಕೊಡುತ್ತದೆ. ಅಷ್ಟರಲ್ಲಿ ಡಿರಾಮ್‌ನಲ್ಲಿದ್ದದ್ದು ಫ್ಲಾಶ್‌ಗೆ ನಕಲಾಗುತ್ತದೆ. ಆಮೇಲೆ ಗಂಟೆಗಳ ಗಡುವು ಇಲ್ಲ. ನಿಮಿಷಗಳಲ್ಲಿ ಚಾರ್ಜ್ ಆಗುತ್ತದೆ, ಬಾಳಿಕೆಯೂ ಜಾಸ್ತಿ. ಆದರೆ ಅದೂ ಸಾಯುತ್ತದೆ, ಮತ್ತು ಸತ್ತಾಗ ಕಾರ್ಡ್ ಅದೇ ರೀತಿ ರೈಟ್ ಥ್ರೂಗೆ ಇಳಿಯುತ್ತದೆ. ಎಚ್‌ಪಿಯ ಜೆನ್ 9 ಮತ್ತು ಜೆನ್ 10 ಸರ್ವರ್‌ಗಳಲ್ಲಿ ಕಾರ್ಡಿಗೊಂದು ಅಂತಿಲ್ಲ. ಇಡೀ ಸರ್ವರ್‌ಗೆ ಸ್ಮಾರ್ಟ್ ಸ್ಟೋರೇಜ್ ಬ್ಯಾಟರಿ ಅಂತ ಒಂದೇ. ಬೂಟ್ ಆಗುವಾಗ 313 ಸಂಖ್ಯೆಯ ದೋಷ ಕಂಡರೆ ಅದರದ್ದೇ. ಅದು ಸತ್ತರೆ ಅದನ್ನು ನಂಬಿಕೊಂಡ ಎಲ್ಲ ಕಾರ್ಡುಗಳ ಕ್ಯಾಶ್ ಒಟ್ಟಿಗೆ ಆಫ್ ಆಗುತ್ತದೆ.

ಪವರ್ ಲಾಸ್ ಪ್ರೊಟೆಕ್ಷನ್ (ಕರೆಂಟ್ ಹೋದರೂ ತಮ್ಮೊಳಗಿನ ಬಾಕಿ ಡೇಟಾ ಉಳಿಸಿಕೊಳ್ಳುವ ವ್ಯವಸ್ಥೆ) ಇರುವ ಎಸ್‌ಎಸ್‌ಡಿಗಳ ಅರೇ ಇದ್ದರೆ ಅವಸರ ಕಡಿಮೆ. ಅಲ್ಲಿ ರೈಟ್ ಥ್ರೂ ಮೋಡೇ ಒಳ್ಳೆಯದು ಅಂತ ಎಷ್ಟೋ ಸಲ ತಯಾರಕರೇ ಹೇಳುತ್ತಾರೆ. ಬ್ಯಾಟರಿ ಎಚ್ಚರಿಕೆ ಬಂದರೂ ಯಾರಿಗೂ ವ್ಯತ್ಯಾಸ ಗೊತ್ತಾಗದೆ ಹೋಗಬಹುದು.

ಕೊನೆಗೆ ಮಾನಿಟರಿಂಗ್. ಬ್ಯಾಟರಿಯ ಸ್ಥಿತಿಯನ್ನು ಮಾತ್ರ ನೋಡುವ ಸ್ಕ್ರಿಪ್ಟ್ ಪ್ರತಿ ಲರ್ನ್ ಸೈಕಲ್‌ಗೂ ಮಧ್ಯರಾತ್ರಿ ಎಬ್ಬಿಸುತ್ತದೆ. ಎರಡು ಮೂರು ಸಲ ಆದ ಮೇಲೆ ಯಾರೋ ಅದನ್ನು ಮ್ಯೂಟ್ ಮಾಡುತ್ತಾರೆ. ಅದರ ಬದಲು ಪ್ರತಿ ವರ್ಚುವಲ್ ಡ್ರೈವ್‌ನ ಆ ಎರಡು ಪಾಲಿಸಿ ಸಾಲುಗಳನ್ನು ಹೋಲಿಸಿ. ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಬೇರೆ ಬೇರೆ ಇದ್ದರೆ ಮೇಲ್ ಕಳಿಸಲಿ. ಬ್ಯಾಟರಿ ಸರಿಯಿಲ್ಲದಿದ್ದರೂ ರೈಟ್ ಬ್ಯಾಕ್ ನಡೆಯುತ್ತಿದ್ದರೆ ಆ ಗಳಿಗೆಯಲ್ಲೇ ಫೋನ್ ಮಾಡಿ ಎಬ್ಬಿಸಲಿ.